ಸೀಲಿಂಗಿಗೆ ಸೆನ್ಸಾರ್ ಅಂಟಿಸಿ ಟೆರೇಸಿನ ಬಿಸಿ ಹೇಳೋದು ಹೇಗೆ?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಹೋದ ವಾರ ದೊಡ್ಡ ಗಲಾಟೆ. ವಿಷಯ ಎಂತ ಅಂದ್ರೆ, ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತೇ ಉಂಟಲ್ಲ, ಟಾಪ್ ಫ್ಲೋರಿನವರಿಗೆ ರಾತ್ರಿ ಹತ್ತಾದ್ರೂ ಸೀಲಿಂಗಿನಿಂದ ಬಿಸಿ ಇಳೀತಾನೇ ಇರ್ತದೆ, ಹಾಗಾಗಿ ಟೆರೇಸಿಗೆ ಬಿಸಿ ತಡೆಯೋ ಬಿಳಿ ಪೇಂಟ್ ಹೊಡೆಸುವ ಅಂತ ಒಂದು ಪಾರ್ಟಿಯನ್ನ ಕರೆಸಿದ್ದು. ಅವರು ಬಂದ ದಿನ ಟೆರೇಸ್ ತುಂಬಾ ಮೂರನೇ ಮಾಳಿಗೆಯ ಆಂಟಿಯ ಹಲಸಿನ ಹಪ್ಪಳ. ಕಾಲಿಡ್ಲಿಕ್ಕೆ ಜಾಗ ಇಲ್ಲ. ಸರಿ, ಪರ್ವಾಗಿಲ್ಲ ಅಂತ ಹೇಳಿ ಟಾಪ್ ಫ್ಲೋರಿನ ಒಂದು ಮನೆಯ ಸೀಲಿಂಗಿಗೆ ಒಳಗಿಂದ ಬಿಸಿ ಅಳೆಯೋ ನಾಲ್ಕು ಸಣ್ಣ ಸೆನ್ಸಾರ್ ಅಂಟಿಸಿ ಮೂರು ದಿನ ಬಿಟ್ಟು ರಿಪೋರ್ಟ್ ಕೊಟ್ರು. ಅದ್ರಲ್ಲಿ ಟೆರೇಸಿನ ಮೇಲ್ಮೈ ಎಷ್ಟು ಬಿಸಿ ಇತ್ತು ಅಂತ ಐದೈದು ನಿಮಿಷದ ಗ್ರಾಫ್! ಎರಡನೇ ದಿನ ಮಧ್ಯಾಹ್ನ 2:20ಕ್ಕೆ ಮೋಡ ಬಂದು ಹತ್ತು ನಿಮಿಷ 9 ಡಿಗ್ರಿ ಇಳಿದಿತ್ತು ಅಂತ ಕೂಡ ಬರ್ದಿದ್ರು.

ಮೇಲೆ ಹತ್ತದೆ ಮೇಲಿನ ಬಿಸಿ ಹೇಗೆ ಗೊತ್ತಾಯ್ತು ಮಾರಾಯ್ರೆ ಅಂತ ಒಬ್ಬರು ಕೇಳಿದ್ದೇ ಸಾಕು, ಅರ್ಧ ಜನ ಮೋಸ ಅಂದ್ರು, ಅರ್ಧ ಜನ ಈಗೆಲ್ಲ ಎಐ ಅಲ್ವಾ ಅಂದ್ರು. ನಾನು ಮೆಕ್ಯಾನಿಕಲ್ ಓದಿದವ ಅಂತ ನನ್ನನ್ನ ಟ್ಯಾಗ್ ಮಾಡಿದ್ರು. ಗ್ರೂಪಿನಲ್ಲಿ ವಾಯ್ಸ್ ಮೆಸೇಜಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಾ ಇದ್ದೇನೆ.

ಮೊದಲು ಒಂದು ಮಾತು. ಇದು ಮೋಸವೂ ಅಲ್ಲ, ಎಐಯೂ ಅಲ್ಲ. ಇದಕ್ಕೆ ಇನ್ವರ್ಸ್ ಹೀಟ್ ಕಂಡಕ್ಷನ್ ಪ್ರಾಬ್ಲಂ ಅಂತ ಹೆಸರುಂಟು, ಕನ್ನಡದಲ್ಲಿ ಬೇಕಾದ್ರೆ ಉಷ್ಣ ವಹನದ ವಿಲೋಮ ಸಮಸ್ಯೆ ಅನ್ನಿ. ನಾನು ಉಲ್ಟಾ ಲೆಕ್ಕ ಅಂತಲೇ ಕರೀತೇನೆ.

ಬಚ್ಚಲ ಹಂಡೆಯಿಂದ ಶುರು ಮಾಡುವ

ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ, ಅಡಿಯಲ್ಲಿ ಒಲೆ. ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ, ಸಿಕ್ಕಿದ್ದನ್ನೆಲ್ಲ ಹಾಕಿ ಉರಿ ಮಾಡೋದು. ಆರು ಗಂಟೆಗೆ ನಾಲ್ಕು ಕೊತ್ತಳಿಗೆ ಹಾಕಿದ್ರೆ ಆರೂಮುಕ್ಕಾಲಿಗೆ ನೀರು ಎಷ್ಟು ಬಿಸಿ ಆಗ್ತದೆ? ಇದು ಸೀದಾ ಲೆಕ್ಕ. ಕಾರಣ ಗೊತ್ತುಂಟು, ಪರಿಣಾಮ ಕೇಳೋದು.

ಅಜ್ಜಿ ಮಾಡ್ತಾ ಇದ್ದದ್ದು ಬೇರೆ. ನೀರಿಗೆ ಕೈ ಹಾಕಿ ನೋಡಿ, ಯಾರು ನಡುವಲ್ಲಿ ಸೌದೆ ಎಳೆದದ್ದು ಅಂತ ಬೊಬ್ಬೆ ಹಾಕ್ತಿದ್ರು. ಪರಿಣಾಮ ನೋಡಿ ಕಾರಣ ಹುಡುಕೋದು, ಅದೇ ಉಲ್ಟಾ ಲೆಕ್ಕ. ಹೆಚ್ಚಿನ ಸಲ ಸರಿಯಾಗೇ ಹೇಳ್ತಿದ್ರು, ಆದ್ರೆ ಅದ್ರಲ್ಲಿ ಅರ್ಧ ನೀರು ಹೇಳಿದ್ದು, ಇನ್ನರ್ಧ ನಾನು ಎಂಥ ಹುಡುಗ ಅಂತ ಅವರಿಗೆ ಮೊದಲೇ ಗೊತ್ತಿದ್ದದ್ದು. ಈ ಎರಡನೇ ಅರ್ಧವನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಅದೇ ಮುಖ್ಯ ಆಗ್ತದೆ.

ಬಿಸಿ ಒಳಗೆ ಇಳಿಯುವಾಗ ಎಂತ ಆಗ್ತದೆ

ಬಿಸಿ ಯಾವಾಗಲೂ ಬಿಸಿ ಇದ್ದ ಕಡೆಯಿಂದ ತಣ್ಣಗಿನ ಕಡೆಗೆ ಹೋಗ್ತದೆ, ವ್ಯತ್ಯಾಸ ಜಾಸ್ತಿ ಇದ್ರೆ ಜೋರಾಗಿ, ಕಮ್ಮಿ ಇದ್ರೆ ನಿಧಾನಕ್ಕೆ. ಇಷ್ಟೇ. ಇದನ್ನ ಸಮೀಕರಣದಲ್ಲಿ ಹಿಡಿದಿಟ್ಟದ್ದು ಫ್ರಾನ್ಸಿನ ಜೋಸೆಫ್ ಫೂರಿಯೇ, 1822ರಲ್ಲಿ ಪುಸ್ತಕವಾಗಿ ಬಂತು, ಇವತ್ತಿಗೂ ಅದೇ ನಡೀತದೆ.

ಟೆರೇಸಿನ ಮೇಲೆ ಬಿಸಿಲು ಬಿದ್ರೆ ಮೇಲಿನ ಪದರ ಕಾಯ್ತದೆ, ಅದು ಅದರ ಕೆಳಗಿನ ಪದರವನ್ನ ಕಾಯಿಸ್ತದೆ, ಅದು ಇನ್ನೊಂದನ್ನ, ಹೀಗೆ. ಪ್ರತಿ ಪದರವೂ ಸ್ವಲ್ಪ ಬಿಸಿಯನ್ನ ತನ್ನಲ್ಲೇ ಇಟ್ಕೊಂಡು ಉಳಿದದ್ದನ್ನ ಮುಂದೆ ದಾಟಿಸೋದು. ಅದರಿಂದ ಎರಡು ಕೆಲಸ ಆಗ್ತದೆ, ಸುದ್ದಿ ತಡವಾಗಿ ಬರ್ತದೆ ಮತ್ತು ಸಪ್ಪೆ ಆಗಿ ಬರ್ತದೆ.

ಎಷ್ಟು ಸಪ್ಪೆ? ದಪ್ಪ ಕಾಂಕ್ರೀಟಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಲೆಕ್ಕ ಹಾಕಿದೆ. ಬಿಸಿ ಎಷ್ಟು ಬೇಗ ಹರಡ್ತದೆ ಅನ್ನೋದಕ್ಕೆ ಒಂದು ಅಂಕೆ ಉಂಟು, ಕಾಂಕ್ರೀಟಿಗೆ ಅದು ಸೆಕೆಂಡಿಗೆ ಅಂದಾಜು 0.7 ಚದರ ಮಿಲಿಮೀಟರ್. ನಮ್ಮ ಸ್ಲ್ಯಾಬಿನ ಕೆಳಗೆ ಗಾಳಿ ಇರೋದ್ರಿಂದ ಸರಿಯಾದ ಲೆಕ್ಕ ಸ್ವಲ್ಪ ಬೇರೆ, ಆದ್ರೆ ವಿಷಯ ಅರ್ಥ ಆಗ್ಲಿಕ್ಕೆ ಇದು ಸಾಕು.

ಹಗಲು ರಾತ್ರಿಯ ಏರಿಳಿತ, ಅಂದ್ರೆ 24 ಗಂಟೆಗೊಮ್ಮೆ ಆಗೋದು, 10 ಸೆಂಟಿಮೀಟರ್ ಕೆಳಗೆ ಬರುವಾಗ ಸುಮಾರು ಅರ್ಧ ಆಗ್ತದೆ, ಎರಡೂಮುಕ್ಕಾಲು ಗಂಟೆ ತಡ. ರಾತ್ರಿವರೆಗೂ ಸೀಲಿಂಗ್ ಬಿಸಿ ಇರೋದು ಎಂತಕ್ಕೆ ಅಂತ ಈಗ ಗೊತ್ತಾಯ್ತಲ್ಲ. ಗಂಟೆಗೊಮ್ಮೆ ಏರಿ ಇಳಿಯೋ ಬಿಸಿ ಆದ್ರೆ 34ರಲ್ಲಿ ಒಂದು ಪಾಲು ಮಾತ್ರ ಉಳೀತದೆ. ಇನ್ನು ಹತ್ತು ಹತ್ತು ನಿಮಿಷಕ್ಕೊಮ್ಮೆ ಏರಿಳಿಯೋದಾದ್ರೆ? 5,700ರಲ್ಲಿ ಒಂದು ಪಾಲು. ಹೌದು, ಸರಿಯಾಗೇ ಓದಿದ್ರಿ.

ಅಂದ್ರೆ ಕಾಂಕ್ರೀಟ್ ನಿಧಾನದ ಬದಲಾವಣೆಯನ್ನ ಬಿಡ್ತದೆ, ಚುರುಕಾದ ಬದಲಾವಣೆಯನ್ನ ನುಂಗಿ ಹಾಕ್ತದೆ.

ಉಲ್ಟಾ ಮಾಡಿದ್ರೆ ಎಲ್ಲಿ ಕೆಡ್ತದೆ

ಈಗ ಕೆಳಗಿನ ಅಳತೆಯಿಂದ ಮೇಲಿನದ್ದು ಬೇಕು. ಕೆಳಗೆ ಬರುವಾಗ 5,700 ಪಟ್ಟು ಕಮ್ಮಿ ಆಗಿದ್ರೆ ವಾಪಸ್ ಹೋಗುವಾಗ 5,700ರಿಂದ ಗುಣಿಸಿದ್ರಾಯ್ತು, ಅಲ್ವಾ? ಕಾಗದದಲ್ಲಿ ಆಯ್ತು. ಆದ್ರೆ ಯಾವ ಸೆನ್ಸಾರೂ ನೂರಕ್ಕೆ ನೂರು ಸರಿ ಇರೋದಿಲ್ಲ, 0.1 ಡಿಗ್ರಿ ಆಚೆ ಈಚೆ ನಡುಗ್ತಾ ಇರ್ತದೆ, ಅದಕ್ಕೆ ನಾಯ್ಸ್ ಅನ್ನೋದು. ಆ ನಡುಗೋದು ಹತ್ತು ನಿಮಿಷದ ಏರಿಳಿತದ ಹಾಗೆ ಕಂಡ್ರೆ ನಿಮ್ಮ ಲೆಕ್ಕ ಅದನ್ನೂ 5,700ರಿಂದ ಗುಣಿಸ್ತದೆ. 570 ಡಿಗ್ರಿ! ಟೆರೇಸಿನಲ್ಲಿ ಹಪ್ಪಳ ಒಣಗಿಸೋದಲ್ಲ, ಸೀದಾ ಸುಡ್ಬಹುದು.

ರಾತ್ರಿ ದೂರದ ಗದ್ದೆಯಲ್ಲಿ ಬಯಲಾಟ ನಡೀತಾ ಇರುವಾಗ ಮನೆಯ ಜಗಲಿಯಲ್ಲಿ ಕೂತು ಕೇಳಿದ್ದುಂಟಾ? ಚೆಂಡೆ ಗೊತ್ತಾಗ್ತದೆ, ಆಟ ಬಿರುಸಾಯ್ತು ಅಂತ ಗೊತ್ತಾಗ್ತದೆ, ಪದ್ಯದ ಅಕ್ಷರ ಮಾತ್ರ ಇಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಿ ವಾಲ್ಯೂಮ್ ಏರಿಸಿದ್ರೆ ಪದ್ಯ ಕೇಳ್ತದಾ? ಜೀರುಂಡೆ ಕೇಳ್ತದೆ, ನಾಯಿ ಬೊಗಳೋದು ಕೇಳ್ತದೆ, ಭಾಗವತರು ಮಾತ್ರ ಎಲ್ಲಿದ್ದಾರೋ ಅಲ್ಲೇ.

ಫ್ರಾನ್ಸಿನ ಗಣಿತಜ್ಞ ಜಾಕ್ ಹಡಮಾರ್ 1902ರಲ್ಲಿ ಒಳ್ಳೆಯ ಲೆಕ್ಕಕ್ಕೆ ಮೂರು ಲಕ್ಷಣ ಹೇಳಿದ್ರು. ಉತ್ತರ ಇರ್ಬೇಕು, ಒಂದೇ ಉತ್ತರ ಇರ್ಬೇಕು, ಮತ್ತೆ ಅಳತೆ ಚೂರು ಬದಲಾದ್ರೆ ಉತ್ತರವೂ ಚೂರೇ ಬದಲಾಗ್ಬೇಕು. ನಮ್ಮ ಲೆಕ್ಕ ಸೋಲೋದು ಮುಖ್ಯವಾಗಿ ಈ ಮೂರನೇದ್ರಲ್ಲಿ. ಇಂಥದ್ದಕ್ಕೆ ಇಂಗ್ಲಿಷಲ್ಲಿ ಇಲ್-ಪೋಸ್ಡ್ ಅಂತ ಹೇಳ್ತಾರೆ.

ಇಲ್ಲಿ ಹಂಚಿನ ಮನೆಯವರಿಗೆ ಒಂದು ಸಮಾಧಾನ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರಲ್ಲ, ಆ ಮಂಗಳೂರು ಹಂಚು ದಪ್ಪ ಎಷ್ಟಿರ್ತದೆ, ಒಂದೂವರೆ ಸೆಂಟಿಮೀಟರ್ ಅಂತಿಟ್ಕೊಳ್ಳಿ. ಅದೇ ಲೆಕ್ಕ ಹಾಕಿದ್ರೆ ಹತ್ತು ನಿಮಿಷದ ಏರಿಳಿತವೂ ಕಮ್ಮಿ ಅಂದ್ರೆ ಐದರಲ್ಲೊಂದು ಪಾಲು ಒಳಗೆ ಬರ್ತದೆ. ಹಾಗಾಗಿ ಹಂಚಿನ ಅಡಿಯಲ್ಲಿ ಸೆನ್ಸಾರ್ ಇಟ್ಟು ಉಲ್ಟಾ ಲೆಕ್ಕ ಹಾಕಿದ್ರೆ 0.1ರ ತಪ್ಪು ಅರ್ಧ ಡಿಗ್ರಿ ಆಗ್ತದೆ ಅಷ್ಟೇ. ಎಷ್ಟು ಆಳದಲ್ಲಿ ಕೂತು ನೋಡ್ತೀರಿ, ಎಷ್ಟು ಚುರುಕಾದ ಬದಲಾವಣೆ ಹುಡುಕ್ತೀರಿ, ಎಲ್ಲ ಅದರ ಮೇಲೆ ಹೋಗ್ತದೆ. ಒಳ್ಳೆ ಸೆನ್ಸಾರಿಗೆ ಹತ್ತು ಸಾವಿರ ಸುರಿಯೋ ಬದಲು ಸೆನ್ಸಾರನ್ನ ಮೇಲ್ಮೈಗೆ ಎರಡು ಸೆಂಟಿಮೀಟರ್ ಹತ್ತಿರ ತಂದ್ರೆ ಜಾಸ್ತಿ ಲಾಭ, ಇದು ನನ್ನ ಅನುಭವದ ಮಾತು.

ಸೀದಾ ಲೆಕ್ಕ ಕಂಪ್ಯೂಟರಿನಲ್ಲಿ

ಉಲ್ಟಾ ಲೆಕ್ಕದ ಹೊಟ್ಟೆಯೊಳಗೆ ಸೀದಾ ಲೆಕ್ಕವೇ ಇರೋದು, ಅದಕ್ಕೆ ಇದನ್ನ ಒಮ್ಮೆ ನೋಡಿ. ಸ್ಲ್ಯಾಬನ್ನ ಒಂದೊಂದು ಸೆಂಟಿಮೀಟರಿನ ಪದರ ಮಾಡೋದು, ಪತ್ರೊಡೆಗೆ ಎಲೆ ಮೇಲೆ ಎಲೆ ಇಟ್ಟ ಹಾಗೆ. ಪ್ರತಿ ನಿಮಿಷಕ್ಕೆ ಪ್ರತಿ ಪದರದ ಹೊಸ ಟೆಂಪರೇಚರ್ ಲೆಕ್ಕ ಹಾಕೋದು. ಮೇಲಿನ ನೆರೆಮನೆ ಮತ್ತು ಕೆಳಗಿನ ನೆರೆಮನೆಯನ್ನ ಕೂಡಿಸಿ, ಅದರಿಂದ ತನ್ನ ಎರಡು ಪಟ್ಟು ಕಳೆದು, ಅದನ್ನ ಒಂದು ಅಂಕೆಯಿಂದ ಗುಣಿಸಿ ತನಗೆ ಸೇರಿಸಿಕೊಳ್ಳೋದು. ನಮ್ಮ ಕಾಂಕ್ರೀಟಿಗೆ, ಒಂದು ಸೆಂಟಿಮೀಟರ್ ಪದರ, ಒಂದು ನಿಮಿಷದ ಹೆಜ್ಜೆಗೆ ಆ ಅಂಕೆ 0.42. ಮೇಲಿನ ಪದರ 40 ಡಿಗ್ರಿ, ನಡುವಿನದ್ದು 36, ಕೆಳಗಿನದ್ದು 34 ಅಂತಿದ್ರೆ, 40ಕ್ಕೆ 34 ಸೇರಿಸಿ 72 ಕಳೆದ್ರೆ 2, ಅದು 0.42ರಿಂದ ಗುಣಿಸಿ 0.84. ನಡುವಿನದ್ದು ಒಂದು ನಿಮಿಷ ಆದ್ಮೇಲೆ 36.84. ಇದನ್ನೇ ಸಾವಿರ ಸಲ ಮಾಡೋದು, ಎಕ್ಸೆಲ್ ಶೀಟಲ್ಲೂ ಆಗ್ತದೆ. ಒಂದು ಜಾಗ್ರತೆ, ಆ ಅಂಕೆ 0.5 ದಾಟ್ಬಾರ್ದು, ದಾಟಿದ್ರೆ ಅಂಕೆಗಳು ಕುಣೀಲಿಕ್ಕೆ ಶುರು ಮಾಡ್ತವೆ. ಇದಕ್ಕೆ ಫೈನೈಟ್ ಡಿಫರೆನ್ಸ್ ಅಂತ ಹೆಸರು.

ಉಲ್ಟಾ ತಿರುಗಿಸೋ ಉಪಾಯಗಳು

ಮೊದಲ ಉಪಾಯ ಯಾರಿಗೂ ಹೊಳೆಯೋದೇ. ಮೇಲೆ ಒಂದು ನಿಮಿಷ ಒಂದು ಯೂನಿಟ್ ಬಿಸಿ ಕೊಟ್ರೆ ಕೆಳಗೆ ಎಷ್ಟು ಬರ್ತದೆ ಅಂತ ಸೀದಾ ಲೆಕ್ಕದಲ್ಲಿ ಕಂಡುಹಿಡಿದು ಇಟ್ಕೊಳ್ಳೋದು. ಆಮೇಲೆ ಪ್ರತಿ ನಿಮಿಷ ಕೆಳಗಿನ ಸೆನ್ಸಾರ್ ಓದಿದ್ದು ಕರೆಕ್ಟಾಗಿ ಬರೋ ಹಾಗೆ ಮೇಲಿನ ಬಿಸಿಯನ್ನ ಒಂದೊಂದೇ ಹೆಜ್ಜೆ ತೀರ್ಮಾನ ಮಾಡ್ತಾ ಹೋಗೋದು. 1960ರಲ್ಲಿ ಸ್ಟೋಲ್ಜ್ ಅನ್ನೋರು ಕಾದ ಲೋಹವನ್ನ ದ್ರವದಲ್ಲಿ ಅದ್ದಿ ತಣ್ಣಗೆ ಮಾಡುವಾಗ ಮೇಲ್ಮೈಯಿಂದ ಬಿಸಿ ಎಷ್ಟು ಹೋಗ್ತದೆ ಅಂತ ನೋಡ್ಲಿಕ್ಕೆ ಇದನ್ನ ಮಾಡಿದ್ರು. ಹೆಜ್ಜೆ ದೊಡ್ಡದಿದ್ರೆ ನಡೀತದೆ. ಹೆಜ್ಜೆ ಸಣ್ಣ ಮಾಡಿದ್ರೆ ಉತ್ತರ ಹುಚ್ಚು ಹಿಡಿದ ಹಾಗೆ ಮೇಲೆ ಕೆಳಗೆ ಹಾರ್ತದೆ, ಎಂತಕ್ಕಂದ್ರೆ ಈ ನಿಮಿಷದ ಬಿಸಿ ಕೆಳಗೆ ಇನ್ನೂ ಬಂದೇ ಇಲ್ಲ, ಬಾರದ ಸುದ್ದಿಯನ್ನ ನೋಡಿ ತೀರ್ಮಾನ ಮಾಡೋದು ಹೇಗೆ?

ಅದಕ್ಕೆ ಅಮೆರಿಕದ ಜೇಮ್ಸ್ ಬೆಕ್ ಒಂದು ಸರಳ ಬುದ್ಧಿ ಮಾಡಿದ್ರು. ಘಟ್ಟದಲ್ಲಿ ಹನ್ನೆರಡು ಗಂಟೆಗೆ ಬಿದ್ದ ಮಳೆ ಎಷ್ಟು ಅಂತ ತುಂಬೆ ಡ್ಯಾಮಿನಲ್ಲಿ ಹನ್ನೆರಡು ಗಂಟೆಗೆ ನೀರು ನೋಡಿ ಹೇಳ್ಲಿಕ್ಕೆ ಆಗ್ತದಾ? ನೇತ್ರಾವತಿಯಲ್ಲಿ ನೀರು ಇಳಿದು ಬರ್ಬೇಕು, ಸಂಜೆವರೆಗಿನ ಮಟ್ಟ ನೋಡ್ಬೇಕು. ಹಾಗೆಯೇ ಈಗಿನ ಬಿಸಿ ತೀರ್ಮಾನ ಮಾಡುವಾಗ ಮುಂದಿನ ಕೆಲವು ಅಳತೆಗಳನ್ನೂ ಒಟ್ಟಿಗೆ ತಗೊಳ್ಳೋದು, ಅಷ್ಟು ಹೊತ್ತು ಬಿಸಿ ಬದಲಾಗಲಿಲ್ಲ ಅಂತ ಸುಮ್ನೆ ಅಂದ್ಕೊಂಡು ಎಲ್ಲ ಅಳತೆಗೂ ಆದಷ್ಟು ಹತ್ತಿರ ಬರೋ ಒಂದು ಉತ್ತರ ತಗೊಂಡು, ಒಂದೇ ಹೆಜ್ಜೆ ಮುಂದೆ ಹೋಗಿ, ಪುನಃ ಅದೇ ಕೆಲಸ. ಮುಂದಿನ ಅಳತೆ ಜಾಸ್ತಿ ತಗೊಂಡ್ರೆ ಉತ್ತರ ಗಟ್ಟಿ ಆಗ್ತದೆ ಆದ್ರೆ ಮೊಂಡಾಗ್ತದೆ, ಕಮ್ಮಿ ತಗೊಂಡ್ರೆ ಚೂಪಾಗ್ತದೆ ಆದ್ರೆ ನಡುಗ್ತದೆ. ಯಾವ ಉಪಾಯ ತಗೊಂಡ್ರೂ ಈ ಎಳೆದಾಟ ತಪ್ಪೋದಿಲ್ಲ.

ಎರಡನೇದು ರಷ್ಯಾದ ಟಿಖೊನೊವ್ 1963ರಲ್ಲಿ ಬರೆದದ್ದು, ರೆಗ್ಯುಲರೈಸೇಷನ್ ಅಂತ. ನನಗೆ ತುಂಬಾ ಇಷ್ಟದ್ದು ಇದೇ. ಮೂರು ದಿನದ ಬಿಸಿಯನ್ನ ಒಟ್ಟಿಗೆ ಹುಡುಕೋದು, ಆದ್ರೆ ಉತ್ತರಕ್ಕೆ ಎರಡು ಪರೀಕ್ಷೆ. ಅಳತೆಗೆ ಹೊಂದದಿದ್ರೆ ದಂಡ, ಸುಮ್ಮಸುಮ್ಮನೆ ಏರಿಳಿದ್ರೂ ದಂಡ. ಎರಡೂ ದಂಡ ಸೇರಿ ಯಾವುದಕ್ಕೆ ಕಮ್ಮಿಯೋ ಅದೇ ಉತ್ತರ. ಎರಡನೇ ದಂಡ ಎಷ್ಟು ಹಾಕ್ಬೇಕು ಅನ್ನೋದು ನಮ್ಮ ಕೈಯಲ್ಲಿ. ಸೊನ್ನೆ ಮಾಡಿದ್ರೆ ಹಳೇ ಕಥೆ, 570 ಡಿಗ್ರಿ. ತೀರಾ ಜಾಸ್ತಿ ಮಾಡಿದ್ರೆ ಹಗಲೂ ರಾತ್ರಿಯೂ ಒಂದೇ ಬಿಸಿ ಅಂತ ಉತ್ತರ ಬರ್ತದೆ, ಗ್ರಾಫ್ ಬೈಂದೂರಿಂದ ಉಳ್ಳಾಲದವರೆಗಿನ ಹೈವೇ ಹಾಗೆ ನೆಟ್ಟಗೆ.

ಸೆನ್ಸಾರ್ ಓದಿದ್ದಕ್ಕೆ ಪೂರ್ತಿ ಹೊಂದೋ ಉತ್ತರ ಒಳ್ಳೇದಲ್ಲ, ಅದು ಕೆಟ್ಟ ಉತ್ತರ. ಸೆನ್ಸಾರಿನ ತಪ್ಪನ್ನೂ ಅದು ಸತ್ಯ ಅಂತ ನಂಬಿದೆ. ಒಳ್ಳೆ ಟೈಲರ್ ಅಳತೆ ತಗೊಂಡ್ರೂ ಮೈಗೆ ಅಂಟೋ ಹಾಗೆ ಹೊಲಿಯೋದಿಲ್ಲ, ಒಂದು ಬೆರಳು ಬಿಡ್ತಾನೆ. ಎಷ್ಟು ಬಿಡ್ಬೇಕು ಅಂತಲೂ ಒಂದು ನಿಯಮ ಉಂಟು, ಮೊರೊಜೊವ್ ಅನ್ನೋ ಇನ್ನೊಬ್ಬ ರಷ್ಯನ್ ಗಣಿತಜ್ಞರ ಹೆಸರಲ್ಲಿ. ಸೆನ್ಸಾರಿನ ತಪ್ಪು 0.1 ಡಿಗ್ರಿ ಆದ್ರೆ ನಿಮ್ಮ ಉತ್ತರವೂ ಅಳತೆಯಿಂದ ಸರಾಸರಿ 0.1 ಡಿಗ್ರಿ ದೂರ ಇರ್ಬೇಕು. ಅದಕ್ಕಿಂತ ಹತ್ತಿರ ಹೋದ್ರೆ ನೀವು ನಾಯ್ಸನ್ನ ಪೂಜೆ ಮಾಡ್ತಾ ಇದ್ದೀರಿ ಅಂತ.

ಮೂರನೇದು ಪುನಃ ಪುನಃ ತಿದ್ದೋದು. ಒಂದು ಊಹೆಯಿಂದ ಶುರು ಮಾಡಿ, ಸೀದಾ ಲೆಕ್ಕ ಹಾಕಿ, ಅಳತೆಗೆ ಎಷ್ಟು ವ್ಯತ್ಯಾಸ ಅಂತ ನೋಡಿ, ಊಹೆಯನ್ನ ಸ್ವಲ್ಪ ತಿದ್ದಿ, ಪುನಃ ಸೀದಾ ಲೆಕ್ಕ. ಸೋವಿಯತ್ ಕಾಲದಲ್ಲಿ ಗಗನನೌಕೆಗಳ ಲೆಕ್ಕಕ್ಕೆ ಇದನ್ನ ಬೆಳೆಸಿದವರಲ್ಲಿ ಅಲಿಫಾನೊವ್ ಹೆಸರು ದೊಡ್ಡದು. ಇದರ ಗುಟ್ಟು ಎಂತ ಅಂದ್ರೆ ಮೊದಲ ಕೆಲವು ಸುತ್ತಿನಲ್ಲಿ ದೊಡ್ಡ ದೊಡ್ಡ ಏರಿಳಿತ ಸರಿಯಾಗಿ ಕೂತ್ಕೊಳ್ತವೆ, ಆಮೇಲಿನ ಸುತ್ತುಗಳಲ್ಲಿ ನಾಯ್ಸ್ ಒಳಗೆ ನುಗ್ತದೆ, ಹಾಗಾಗಿ ಸರಿಯಾದ ಹೊತ್ತಿಗೆ ನಿಲ್ಲಿಸ್ಬೇಕು. ಬೆಲ್ಲದ ಪಾಕ ಇಳಿಸೋ ಹಾಗೆ. ಎಳೆ ಬಂತಾ, ಇಳಿಸಿ, ಇನ್ನೊಂದು ನಿಮಿಷ ಅಂತ ಬಿಟ್ರೆ ಕಲ್ಲು.

ಈಗಿನವರು ಕಾಲ್ಮನ್ ಫಿಲ್ಟರ್, ನ್ಯೂರಲ್ ನೆಟ್‌ವರ್ಕ್ ಅಂತ ಬೇರೆ ಬೇರೆ ಲೆಕ್ಕದ ಉಪಾಯ ಎಲ್ಲ ತರ್ತಾರೆ, ಕೆಲವು ಕಡೆ ಬೇಗ ಆಗ್ತದೆ. ಆದ್ರೆ ಕಾಂಕ್ರೀಟ್ ನುಂಗಿದ ಸುದ್ದಿಯನ್ನ ಯಾವ ಸಾಫ್ಟ್‌ವೇರೂ ಕಕ್ಕಿಸ್ಲಿಕ್ಕೆ ಆಗೋದಿಲ್ಲ. ಕಳೆದುಹೋದ ಜಾಗದಲ್ಲಿ ಎಲ್ಲರೂ ತಮ್ಮದೇ ಒಂದು ಊಹೆ ತುಂಬಿಸ್ತಾರೆ, ಬಿಸಿ ನಿಧಾನಕ್ಕೆ ಬದಲಾಗ್ತದೆ ಅಂತಲೋ, ಮೊದಲು ನೋಡಿದ ಸಾವಿರ ಗ್ರಾಫಿನ ಹಾಗೇ ಇರ್ತದೆ ಅಂತಲೋ. ನಮ್ಮ ಅಜ್ಜಿ ನನ್ನ ಬಗ್ಗೆ ತಿಳ್ಕೊಂಡಿದ್ದ ಹಾಗೆ.

ಇಷ್ಟು ಕಷ್ಟ ಪಡೋದು ಎಂತಕ್ಕೆ

ಮೇಲ್ಮೈಗೇ ಸೆನ್ಸಾರ್ ಇಡ್ಬಹುದಲ್ಲ ಅಂತ ಕೇಳ್ಬಹುದು. ಇಡ್ಲಿಕ್ಕೆ ಆಗದ ಜಾಗಗಳುಂಟು. 2012ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ನಾಸಾದ ಕ್ಯೂರಿಯಾಸಿಟಿ ರೋವರಿನ ಹೀಟ್ ಶೀಲ್ಡ್, ಅಂದ್ರೆ ಬಿಸಿ ತಡೆಯೋ ಗುರಾಣಿ ನೋಡಿ, ಇಳಿಯುವಾಗ ಅದರ ಹೊರಮೈ ಉರಿದು ಸವೀತಾ ಹೋಗ್ತದೆ, ಅಲ್ಲಿ ಎಂತ ಇಟ್ರೂ ಉಳಿಯೋದಿಲ್ಲ. ಹಾಗಾಗಿ ಶೀಲ್ಡಿನ ಏಳು ಜಾಗದಲ್ಲಿ, ಒಂದೊಂದರಲ್ಲಿ ನಾಲ್ಕು ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ಬೇರೆ ಬೇರೆ ಆಳದಲ್ಲಿ ಹುಗಿದಿಟ್ಟಿದ್ರು, ಆಮೇಲೆ ಆ ಅಳತೆಯಿಂದ ಹೊರಗಿನ ಬಿಸಿಯನ್ನ ಉಲ್ಟಾ ಲೆಕ್ಕದಲ್ಲಿ ತೆಗೆದ್ರು. ಬ್ರೇಕ್ ಡಿಸ್ಕ್ ಉಜ್ಜೋ ಜಾಗ, ಉಕ್ಕು ಎರೆಯೋ ಅಚ್ಚಿನ ಒಳಮೈ, ಬಂದೂಕಿನ ನಳಿಗೆಯ ಒಳಗೆ, ಎಲ್ಲ ಕಡೆ ಇದೇ ಪಂಚಾಯಿತಿ.

ಇನ್ನೊಂದು ಚಂದದ ಉಪಯೋಗ ಉಂಟು. ಭೂಮಿಗೆ ನೂರಾರು ಮೀಟರ್ ಕೊಳವೆ ಕೊರೆದು ಆಳ ಆಳದ ಟೆಂಪರೇಚರ್ ಅಳೆದು, ಕೆಲವು ಶತಮಾನದ ಹಿಂದೆ ಮೇಲೆ ಎಷ್ಟು ಬಿಸಿ ಇತ್ತು ಅಂತ ಹುಡುಕ್ತಾರೆ. ಒಂದು ವರ್ಷದ ಏರಿಳಿತ ಮಣ್ಣಿನಲ್ಲಿ ಕೆಲವೇ ಮೀಟರಿಗೆ ಸತ್ತುಹೋಗ್ತದೆ, ನೂರು ವರ್ಷದ ನಿಧಾನದ ಬದಲಾವಣೆ ಮಾತ್ರ ಹತ್ತಾರು ಮೀಟರ್ ಇಳೀತದೆ. ಯಾವ ವರ್ಷ ಸೆಕೆ ಜಾಸ್ತಿ ಇತ್ತು ಅಂತ ಅದು ಹೇಳೋದಿಲ್ಲ, ಯಾವ ಶತಮಾನ ಅಂತ ಹೇಳ್ತದೆ.

ಹಾಗಾದ್ರೆ ನಮ್ಮ ರಿಪೋರ್ಟ್?

ದಿನದ ಗರಿಷ್ಠ ಬಿಸಿ ಎಷ್ಟು, ಎಷ್ಟು ಗಂಟೆಗೆ ಅಂತ ರಿಪೋರ್ಟಲ್ಲಿ ಇರೋದನ್ನ ನಂಬ್ಬಹುದು, ನಿಧಾನದ ಬದಲಾವಣೆ ಅಲ್ವಾ, ಕಾಂಕ್ರೀಟ್ ಅದನ್ನ ಬಿಟ್ಟುಕೊಡ್ತದೆ. ಒಂದು ಷರತ್ತು ಉಂಟು. ಕೆಳಗಿನ ಟೆಂಪರೇಚರ್ ಒಂದೇ ಸಾಲದು, ಸೀಲಿಂಗಿನಿಂದ ರೂಮಿಗೆ ಎಷ್ಟು ಬಿಸಿ ಇಳೀತಾ ಉಂಟು ಅಂತಲೂ ಗೊತ್ತಿರ್ಬೇಕು. ಮೂರು ದಿನವೂ ಆ ಮನೆಯಲ್ಲಿ ಫ್ಯಾನ್, ಎಸಿ ಯಾವಾಗ ಹಾಕಿದ್ರು ಯಾವಾಗ ಆಫ್ ಮಾಡಿದ್ರು ಅಂತ ಪೇಂಟಿನವರು ಕೇಳಿದ್ರಾ? ಕೇಳಲಿಲ್ಲವಂತೆ.

2:20ರ ಮೋಡದ ವಿಷಯ ಸ್ವಲ್ಪ ಸೂಕ್ಷ್ಮ. ಒಮ್ಮೆ ಬಂದು ಹೋಗೋ ನೆರಳು ಕೆಳಗೆ ಗುರುತೇ ಬಿಡೋದಿಲ್ಲ ಅಂತ ಅಲ್ಲ. ನನ್ನ ಲೆಕ್ಕದಲ್ಲಿ ಹತ್ತು ನಿಮಿಷ 9 ಡಿಗ್ರಿ ಇಳಿದ್ರೆ 10 ಸೆಂಟಿಮೀಟರ್ ಕೆಳಗೆ ಸುಮಾರು 40 ನಿಮಿಷ ಆದ್ಮೇಲೆ ಒಂದು ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ತಗ್ಗು ಬರ್ತದೆ, ಹರಡಿಕೊಂಡು, ನಿಧಾನಕ್ಕೆ. ಸೆನ್ಸಾರಿಗೆ ಅದು ಸಿಕ್ತದೆ. ಆದ್ರೆ ಹತ್ತು ನಿಮಿಷ 9 ಡಿಗ್ರಿ ಇಳಿಯೋದ್ರ ಬದಲು ಅರ್ಧ ಗಂಟೆ 3 ಡಿಗ್ರಿ ಇಳಿದ್ರೂ ಕೆಳಗೆ ಬರೋ ತಗ್ಗು ಹೆಚ್ಚುಕಮ್ಮಿ ಅದೇ, ಎರಡಕ್ಕೂ ವ್ಯತ್ಯಾಸ ಒಂದು ಡಿಗ್ರಿಯ ನೂರರಲ್ಲೊಂದು ಪಾಲು. 0.1 ಡಿಗ್ರಿ ನಡುಗೋ ಸೆನ್ಸಾರಿಗೆ ಅದು ಕಾಣೋದೇ ಇಲ್ಲ. ಅಂದ್ರೆ ಆ ಹೊತ್ತಿಗೆ ಮೇಲೆ ಎಂತದೋ ಆಯ್ತು ಅಂತ ಹೇಳ್ಬಹುದು, ಹತ್ತೇ ನಿಮಿಷ, ಒಂಬತ್ತೇ ಡಿಗ್ರಿ, ಮೋಡವೇ ಅಂತ ಹೇಳ್ಲಿಕ್ಕೆ ಅಳತೆಯಲ್ಲಿ ಆಧಾರ ಇಲ್ಲ. ಟಿಖೊನೊವ್ ಉಪಾಯದಲ್ಲಿ ಏರಿಳಿತಕ್ಕೆ ಹಾಕೋ ಆ ಎರಡನೇ ದಂಡ ಕಮ್ಮಿ ಹಾಕಿದ್ರೋ ಏನೋ. ಎಷ್ಟು ಹಾಕಿದ್ದೀರಿ ಅಂತ ಫೋನ್ ಮಾಡಿ ಕೇಳಿದೆ, ಸಾಫ್ಟ್‌ವೇರ್ ಅದೇ ತಗೊಳ್ತದೆ ಸಾರ್ ಅಂದ್ರು.

ನಿನ್ನೆ ಲಿಫ್ಟಲ್ಲಿ ಮೂರನೇ ಮಾಳಿಗೆಯ ಆಂಟಿ ಸಿಕ್ಕಿದ್ರು. ಆ ದಿನ ಎರಡು ಗಂಟೆ ಹೊತ್ತಿಗೆ ಮೋಡ ಇತ್ತಾ ಆಂಟಿ ಅಂತ ಕೇಳಿದೆ. "ಮೋಡ ಎಂತದ್ದೂ ಇಲ್ಲ ಮಾರಾಯ, ಮೈ ಸುಡೋ ಬಿಸಿಲು. ಕಾಗೆ ಉಪದ್ರ ಅಂತ ಹಪ್ಪಳದ ಚಾಪೆ ಎರಡನ್ನ ಟ್ಯಾಂಕಿನಿಂದ ಆ ಮೂಲೆಗೆ ಎಳೆದೆ, ಅಲ್ಲಿ ಪೈಪ್ ಅಡ್ಡ ಆಯ್ತು, ಒಂದು ಅರ್ಧ ಗಂಟೆ ಇಟ್ಟು ಪುನಃ ಈಚೆ ತಂದೆ" ಅಂದ್ರು. ಯಾವ ಮೂಲೆ ಅಂತ ಕೇಳಿದೆ. ಸೆನ್ಸಾರ್ ಅಂಟಿಸಿದ್ದ ಬೆಡ್‌ರೂಮಿನ ಸರೀ ಮೇಲೆ.